ದೆವ್ವಗಳ ಬಾಗಿಲು

ತಲೆಗೆ ಆರುನೂರು. ಮಕ್ಕಳಿಗೂ ಅಷ್ಟೇ.
ದೆವ್ವಕ್ಕೆ ಅರ್ಧ ಟಿಕೆಟ್ಟಿನ ಲೆಕ್ಕ ಗೊತ್ತಿಲ್ಲ
ಎಂದ ಕೌಂಟರಿನ ಹುಡುಗ. ಅವನ ಹಣೆಯ ರಕ್ತ
ಒಣಗಿ, ಹಪ್ಪಳದ ಹಾಗೆ ಅಂಚು ಎತ್ತಿತ್ತು.
ಅಣ್ಣನ ಮಗಳು ಲಿಖಿತ ಸೆರಗು ಜಗ್ಗಿದಳು.
ಎರಡು ವಾರದ ಓವರ್‌ಟೈಮು ಎಣಿಸಿ ಕೊಟ್ಟು
ಚಿಕ್ಕಬಳ್ಳಾಪುರದ ಹೆದ್ದಾರಿ ಬದಿ,
ದ್ರಾಕ್ಷಿ ತೋಟ ಕಿತ್ತು ಕಟ್ಟಿದ ಪಾರ್ಕಿನಲ್ಲಿ
ಹ್ಯಾಲೋವೀನ್ ಎಂಬ ಹಬ್ಬಕ್ಕೆ ಸಾಲು ನಿಂತೆ.

ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ: ನಾಳೆ ಬಾ.
ನಗು ಬಂತು.
ಆರನೇ ಕ್ಲಾಸಿನಲ್ಲಿ ನಮ್ಮ ಓಣಿಯ ಬಾಗಿಲಿಗೆಲ್ಲ
ಸೀಮೆಸುಣ್ಣದಲ್ಲಿ ಬರೆದವಳು ನಾನೇ,
ಅಕ್ಷರ ದುಂಡಗಿದೆ ಅಂತ. ಬಾಗಿಲಿಗೆ ನಾಲ್ಕಾಣೆ.
ದೆವ್ವ ಓದಿಕೊಂಡು ತಿರುಗಿ ಹೋಗುತ್ತಿತ್ತು ದಿನಾ,
ಪಾಪ, ಅಕ್ಷರ ಬಲ್ಲ ದೆವ್ವ.
ಇಲ್ಲಿ ಓದಿ ಯಾರೂ ಹಿಂದಿರುಗಲಿಲ್ಲ.

ಒಳಗೆ ಹೊಗೆ. ಶೇಡ್ ನೆಟ್ಟಿನ ಗೋಡೆ,
ತಿರುವಿನೊಳಗೆ ತಿರುವು.
ಬೆಂಗಳೂರಿನ ಹುಡುಗಿಯರು ಏನೂ ಬರುವ ಮೊದಲೇ
ಕಿರುಚಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.
ಗರಗಸ ಹಿಡಿದವನ ಕಾಲಲ್ಲಿ ಹವಾಯಿ ಚಪ್ಪಲಿ.
ಕೂದಲು ಹರಡಿದ ಬಿಳಿ ಸೀರೆಯೊಂದು
ಮುಖಕ್ಕೆ ಮುಖ ತಂದು, ಕೂಗುವ ಬದಲು
‘ಅಕ್ಕಾ, ಮೆಟ್ಲಿದೆ, ನೋಡ್ಕಂಡು’ ಅಂದಿತು.
ಗಂಗುಲಪ್ಪನ ಎರಡನೇ ಮಗ ಪವನ!
ನಮ್ಮ ಫಿಲೇಚರಿನಲ್ಲಿ ಗೂಡಿನ ಚೀಲ ಹೊರುವವನು.
‘ನಿಮ್ಮಮ್ಮಂಗೆ ಗೊತ್ತೇನೋ?’
‘ಸೀರೆ ಅವಳ್ದೇ’ ಅಂದು ಕತ್ತಲೆಗೆ ಸರಿದುಕೊಂಡಿತು.

ಆಮೇಲೆ ಜೇಡರಬಲೆಯ ಕೋಣೆ.
ಮುಖಕ್ಕೆ ಮೆತ್ತಿದ್ದನ್ನು ಎಲ್ಲರೂ ಥೂ ಥೂ ಎಂದು ಒರೆಸಿಕೊಂಡರು.
ನನ್ನ ಬೆರಳು ನಿಂತುಬಿಟ್ಟಿತು.
ಹತ್ತಿಯಲ್ಲ. ನೈಲಾನಲ್ಲ.
ಇದು ನಮ್ಮದು.
ಬೆಂದ ಗೂಡಿನ ಮೈಮೇಲಿಂದ, ಸರಿಯಾದ ತುದಿ ಸಿಗುವ ತನಕ
ಕಿತ್ತು ಕಿತ್ತು ಎಸೆಯುವ ಒರಟು ಎಳೆ,
ನೂರುಲ್ಲಾ ಸಾಬರು ಕೆಜಿ ಲೆಕ್ಕದಲ್ಲಿ ಮಾರುವ ವೇಸ್ಟು.
ಹದಿನೆಂಟು ವರ್ಷ ಬಿಸಿನೀರಲ್ಲಿ ನೆಂದು
ಗೆರೆ ಅಳಿಸಿಹೋದ ಬೆರಳು ಇವು.
ಪಡಿತರ ಅಂಗಡಿಯ ಯಂತ್ರ ಯಾರಿವಳು ಎನ್ನುತ್ತದೆ.
ಎಳೆ ಕೇಳಲಿಲ್ಲ.

ಅಷ್ಟರಲ್ಲಿ ಜನರೇಟರು ನಿಂತಿತು.
ಸ್ಪೀಕರಿನ ಅಟ್ಟಹಾಸ ‘ಹ’ಕ್ಕೇ ತುಂಡಾಯಿತು.
ನಿಜವಾದ ಕತ್ತಲು, ಟಿಕೆಟ್ಟಿಗೆ ಸೇರದ್ದು.
ಕಿರುಚುವವರೂ ಸುಮ್ಮನಾದರು.
ಆ ಮೌನ ನನಗೆ ಗೊತ್ತು.
ಹಬೆ ಪೆಟ್ಟಿಗೆಯ ಬಾಗಿಲು ಹಾಕಿ,
ಗೂಡುಗಳೊಳಗಿನ ಮೆಲ್ಲನೆ ಗಲಗಲ ನಿಂತ ಮೇಲೆ
ಬರುತ್ತದಲ್ಲ, ಅದು.
ಎಷ್ಟು ಸಾವಿರವೋ. ನಾವು ಎಣಿಸುವುದು ಕೆಜಿಯಲ್ಲಿ.

ಲಿಖಿತಳ ಉಗುರು ಮುಂಗೈಗೆ ಇಳಿಯಿತು.
ಎಳೆ ಹಿಡಿದೆ. ತುಂಡಾಯಿತು. ಇನ್ನೊಂದು ಹಿಡಿದೆ.
ಗಂಟಿನಿಂದ ಗಂಟಿಗೆ, ಕಣ್ಣು ಮುಚ್ಚಿಯೇ,
ಹೇಗೂ ಕಣ್ಣಿನ ಕೆಲಸವಲ್ಲ ಇದು.
ಹೊರಗೆ ಬರುತ್ತೇನೆಂದುಕೊಂಡಿದ್ದೆ.
ಬಂದದ್ದು ದೆವ್ವಗಳು ಕೂತಿದ್ದ ಕಡೆಗೆ.

ಬ್ಯಾಟರಿ ದೀಪದ ಸುತ್ತ, ತಲೆ ಬಿಚ್ಚಿ ಪಕ್ಕಕ್ಕಿಟ್ಟು
ಒಬ್ಬ ಚಿತ್ರಾನ್ನ ತಿನ್ನುತ್ತಿದ್ದ.
ಒಬ್ಬಳು ಬಣ್ಣ ಬಿದ್ದ ಕಣ್ಣಿಗೆ ನೀರು ಚಿಮುಕಿಸಿಕೊಳ್ಳುತ್ತಿದ್ದಳು.
‘ಈ ಕಡೆ ಪಬ್ಲಿಕ್ ಬರಂಗಿಲ್ಲ’ ಎಂದ ಗರಗಸದವನು,
ಆಮೇಲೆ ಎದ್ದು ಕುರ್ಚಿ ಕೊಟ್ಟ.
ನನಗೆ ಟೀ. ಲಿಖಿತಳಿಗೆ ಬಿಸ್ಕತ್ತು.
ಅಷ್ಟು ಹೊತ್ತು ಅಳದವಳು
ಆ ಬರಿಮುಖಗಳನ್ನು ನೋಡಿ ಬಿಕ್ಕಿದಳು:
‘ಕೊನೇ ರೂಮು ನೋಡ್ಲೇ ಇಲ್ಲ.’

ದೆವ್ವಗಳ ಬಾಗಿಲಿಂದಲೇ ಹೊರಬಿದ್ದೆವು,
ಹಿಂದೆ, ಗುಲಾಬಿ ತೋಟದ ಬೇಲಿ ಪಕ್ಕ.
ಆ ಬಾಗಿಲ ಮೇಲೆ ಏನೂ ಬರೆದಿರಲಿಲ್ಲ.

ಶಿಡ್ಲಘಟ್ಟದ ಕೊನೇ ಬಸ್ಸು. ಕಿಟಕಿಯಲ್ಲಿ ಚಳಿ.
‘ಅತ್ತೆ, ನಿಂಗೆ ಒಂದ್ಸಲಾನೂ ಭಯ ಆಗ್ಲಿಲ್ವಾ?’
‘ಆಯ್ತು.’
‘ಎಲ್ಲಿ?’
ಅವಳ ಜಡೆಯಲ್ಲಿ ಒಂದು ಎಳೆ ಸಿಕ್ಕಿಕೊಂಡಿತ್ತು.
ಎಳೆದೆ. ಬಂತು. ಇನ್ನೂ ಬಂತು.
ಅವಳಿಗೆ ನಿದ್ದೆ ಹತ್ತಿದ ಮೇಲೂ
ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದೆ,
ಊರಿನ ದೀಪ ಬರುವವರೆಗೆ.